ಅಮೂರ್ತ ಚಿತ್ರಕ್ಕೆ ಅರ್ಥ ಎಲ್ಲಿಂದ ಬರುತ್ತದೆ?

ವೆನೆಜುವೆಲಾದ ರಾಜಧಾನಿ ಕರಾಕಸ್‌ಗೆ ಹತ್ತಿರದ ಮೈಕೆತಿಯಾ ವಿಮಾನ ನಿಲ್ದಾಣದಲ್ಲಿ ಜನ ತುಳಿದುಕೊಂಡೇ ಓಡಾಡುವ ಒಂದು ಕಲಾಕೃತಿ ಇದೆ. ನೆಲಕ್ಕೆ ಹಾಸಿದ ಪುಟ್ಟ ಬಿಲ್ಲೆಗಳ ಬಣ್ಣದ ಪಟ್ಟೆಗಳು, ಅಷ್ಟೇ. ಮನುಷ್ಯರಿಲ್ಲ, ಮರವಿಲ್ಲ, ಬಾವುಟವಿಲ್ಲ. ನಡೆಯುತ್ತಾ ಹೋದಂತೆ ಪಟ್ಟೆಗಳು ಕಣ್ಣಿನಲ್ಲಿ ಬೆರೆತು, ಅಲ್ಲಿ ಬಳಿಯದೇ ಇರುವ ಬಣ್ಣಗಳೂ ಕಾಣತೊಡಗುತ್ತವೆ. ಕಲಾವಿದ ಕಾರ್ಲೋಸ್ ಕ್ರೂಸ್-ಡಿಯೆಸ್ ಇದನ್ನು ರೂಪಿಸಿದ್ದು 1974ರಿಂದ 1978ರ ನಡುವೆ. ಆಗ ತೈಲದ ಬೆಲೆ ಏರಿ ದೇಶದ ಬೊಕ್ಕಸ ತುಂಬಿತ್ತು. ಬಂದಿಳಿದವರಿಗೆ ಆ ನೆಲ ‘ನಾವು ಹೊಸ ಕಾಲದವರು’ ಎಂದು ಹೇಳುತ್ತಿತ್ತು.

ನಲವತ್ತು ವರ್ಷಗಳ ಮೇಲೆ ಅದೇ ದೇಶದ ಆರ್ಥಿಕತೆ ಕುಸಿಯಿತು. 70 ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟರು. ವಿಮಾನ ಹತ್ತುವ ಮುನ್ನ ಹಲವರು ಫೋನನ್ನು ಕೆಳಗೆ ತಿರುಗಿಸಿ, ಆ ಪಟ್ಟೆಗಳ ಮೇಲೆ ನಿಂತ ತಮ್ಮ ಪಾದಗಳ ಫೋಟೊ ತೆಗೆದುಕೊಂಡರು. ಜಾಲತಾಣದಲ್ಲಿ ಆ ಫೋಟೊ ಹಾಕಿದರೆ ಸಾಕು, ‘ನಾನು ಹೊರಟೆ’ ಎಂದು ಬೇರೆಯಾಗಿ ಬರೆಯಬೇಕಿರಲಿಲ್ಲ. ಆ ನೆಲ ಈಗ ಒಂದು ಜನಾಂಗದ ವಲಸೆಯ ಗುರುತು.

ಪಟ್ಟೆಗಳು ಅವೇ, ಬಣ್ಣವೂ ಅದೇ. ಏನನ್ನೂ ಚಿತ್ರಿಸದ ಕೃತಿಗೆ ಅರ್ಥ ಬಂದದ್ದು ಹೇಗೆ, ಬಂದ ಅರ್ಥ ಬದಲಾದದ್ದು ಹೇಗೆ? ‘ಇದರಲ್ಲಿ ಏನಿದೆ, ಬರೀ ಬಣ್ಣ’ ಎಂದು ಗ್ಯಾಲರಿಯಲ್ಲಿ ನಿಂತು ಗೊಂದಲಪಡುವವರಿಗೂ, ಅಂಥ ಚಿತ್ರ ಕೋಟಿಗಟ್ಟಲೆ ಬೆಲೆಗೆ ಮಾರಾಟವಾದ ಸುದ್ದಿ ಓದಿ ಬೆರಗಾಗುವವರಿಗೂ ಈ ಪ್ರಶ್ನೆಯ ಉತ್ತರ ಬೇಕು.

## ಅಮೂರ್ತ ಎಂದರೆ ಯಾವುದು

ಹೊರಗಿನ ಯಾವ ವಸ್ತುವಿನ ಗುರುತೂ ಸಿಗದಂತೆ ಬಣ್ಣ, ಗೆರೆ, ಆಕಾರ, ಮೈಗುಣಗಳಿಂದಲೇ ಕಟ್ಟಿದ ಚಿತ್ರ ಅಥವಾ ಶಿಲ್ಪವನ್ನು ಅಮೂರ್ತ ಕಲೆ ಎನ್ನುತ್ತೇವೆ. ಇದರಲ್ಲಿ ಎರಡು ದಾರಿಗಳಿವೆ. ಮೊದಲನೆಯದು ವಸ್ತುವಿನಿಂದ ಹೊರಟು ಅದನ್ನು ಸೋಸುತ್ತಾ ಹೋಗುವುದು. ಡಚ್ ಕಲಾವಿದ ಪೀಟ್ ಮೊಂಡ್ರಿಯಾನ್ 1908ರಿಂದ 1912ರವರೆಗೆ ಬರೆದ ಮರಗಳನ್ನು ಸಾಲಾಗಿ ಇಟ್ಟು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ: ಮೊದಲು ಕೊಂಬೆಗಳಿರುವ ಕೆಂಪು ಮರ, ಆಮೇಲೆ ಬೂದು ಬಣ್ಣದ ಬಾಗುಗೆರೆಗಳು, ಕೊನೆಗೆ ಮರವೆಂದು ಹೇಳಿದರಷ್ಟೇ ಮರ ಎನಿಸುವ ಗೆರೆಗಳ ಹೆಣಿಗೆ. ಎರಡನೆಯದು ವಸ್ತುವಿನ ಹಂಗೇ ಇಲ್ಲದೆ ಶುರುವಾಗುವುದು. ಚೌಕ ಎಂದರೆ ಚೌಕ, ಕಿಟಕಿಯೂ ಅಲ್ಲ, ಪೆಟ್ಟಿಗೆಯೂ ಅಲ್ಲ.

ಈ ಬರಹದಲ್ಲಿ ಮತ್ತೆ ಮತ್ತೆ ಬರುವ ಇನ್ನೊಂದು ಪದ ‘ಸಂದರ್ಭ’. ಅದನ್ನು ಮೂರು ಸುತ್ತುಗಳಾಗಿ ಯೋಚಿಸಿದರೆ ಸಲೀಸು. ಒಳಸುತ್ತು ಕೃತಿಗೆ ಅಂಟಿಕೊಂಡೇ ಇರುವುದು: ಶೀರ್ಷಿಕೆ, ಇಸವಿ, ತೂಗುಹಾಕಿದ ಜಾಗ, ಪಕ್ಕದ ಚೀಟಿ. ನಡುಸುತ್ತು ಕೃತಿ ಹುಟ್ಟಿದ ಕಾಲ: ಯಾರ ಆಳ್ವಿಕೆ, ಯಾವ ಯುದ್ಧ, ಯಾರ ಹಣ, ಯಾವುದಕ್ಕೆ ನಿಷೇಧ. ಹೊರಸುತ್ತು ನೋಡುವವರ ಕಾಲ, ಅಂದರೆ ಇವತ್ತು. ಕರಾಕಸ್‌ನ ನೆಲದಲ್ಲಿ ಬದಲಾದದ್ದು ಈ ಹೊರಸುತ್ತು ಮಾತ್ರ.

## ‘ಹೂಂ’ ಎಂಬ ಉದ್ಗಾರದ ಹಾಗೆ

ಕತೆ ಕೇಳುವ ಮಗು ‘ಹೂಂ’ ಎಂದರೆ ‘ಮುಂದೆ ಹೇಳು’. ಸಾಲ ಕೇಳಿದವರ ಎದುರು ಎಳೆದು ‘ಹೂಂ…’ ಎಂದರೆ ‘ನೋಡೋಣ, ಆಸೆ ಇಟ್ಟುಕೊಳ್ಳಬೇಡ’. ಜಗಳದ ನಡುವೆ ಹಲ್ಲು ಕಚ್ಚಿ ‘ಹೂಂ’ ಎಂದರೆ ಅದು ಬೆದರಿಕೆ. ಸದ್ದು ಒಂದೇ; ಯಾರು, ಯಾರಿಗೆ, ಯಾವಾಗ ಎಂಬುದು ಅರ್ಥ ತುಂಬುತ್ತದೆ. ಆದರೂ ‘ಹೂಂ’ಗೆ ಬೇಕಾದ ಅರ್ಥವನ್ನೆಲ್ಲ ಹೊರಿಸಲಾಗದು. ‘ನಿನ್ನೆ ಮಳೆ ಬಂತು’ ಎಂಬುದನ್ನು ಬರೀ ‘ಹೂಂ’ಕಾರದಲ್ಲಿ ಹೇಳಲು ಯಾರಿಂದಲೂ ಆಗದು. ಸದ್ದಿನ ಉದ್ದ, ಏರು, ಬಿಗಿ ಇವು ಒಂದು ಎಲ್ಲೆ ಹಾಕುತ್ತವೆ.

ಅಮೂರ್ತ ಚಿತ್ರವೂ ಹೀಗೆಯೇ. ಕುದುರೆಯ ಮೇಲೆ ಕೂತ ರಾಜನ ಚಿತ್ರ ತನ್ನ ಸಂದರ್ಭವನ್ನು ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ. ಉಡುಪು, ಕತ್ತಿ, ಹಿಂದಿನ ಕೋಟೆ ಎಲ್ಲವೂ ಸುಳಿವು. ಅಮೂರ್ತ ಚಿತ್ರದೊಳಗೆ ಅಂಥ ಸುಳಿವು ಇಲ್ಲ, ಅಥವಾ ತೀರಾ ಕಡಿಮೆ. ಖಾಲಿ ಉಳಿದ ಆ ಜಾಗಕ್ಕೆ ಹೊರಗಿನ ಸಂದರ್ಭ ಹೆಚ್ಚಿನ ಬಲದಿಂದ ನುಗ್ಗುತ್ತದೆ. ಅಮೂರ್ತ ಕಲೆ ರಾಜಕೀಯದಿಂದ ದೂರ ಎಂಬ ಸಾಮಾನ್ಯ ನಂಬಿಕೆ ತಪ್ಪುವುದು ಇಲ್ಲೇ. ಇತಿಹಾಸ ನೋಡಿದರೆ, ಸರ್ಕಾರಗಳು ಅತಿ ಹೆಚ್ಚು ಕೈಹಾಕಿದ ಕಲಾಪ್ರಕಾರಗಳಲ್ಲಿ ಇದೂ ಒಂದು.

ಸರಳ ಉದಾಹರಣೆ: ಬಿಳಿ ವೃತ್ತದೊಳಗೆ ನುಗ್ಗಿದ ಕೆಂಪು ತ್ರಿಕೋನ. ರಷ್ಯಾದ ಅಂತರ್ಯುದ್ಧದ ಹೊತ್ತಿನಲ್ಲಿ, 1919–20ರ ಸುಮಾರಿಗೆ, ಕಲಾವಿದ ಎಲ್ ಲಿಸಿಟ್ಸ್ಕಿ ಇದನ್ನು ಭಿತ್ತಿಪತ್ರವಾಗಿ ಮಾಡಿ ‘ಕೆಂಪು ಬೆಣೆಯಿಂದ ಬಿಳಿಯರನ್ನು ಹೊಡೆಯಿರಿ’ ಎಂಬ ಅರ್ಥದ ಪದಗಳನ್ನು ಸೇರಿಸಿದರು. ಬೊಲ್ಶೆವಿಕ್ ಸೇನೆ ಕೆಂಪು, ಅದರ ವಿರೋಧಿಗಳು ಬಿಳಿ ಎಂದು ಗೊತ್ತಿದ್ದವರಿಗೆ ಅದು ಯುದ್ಧದ ಕರೆ. ಗೊತ್ತಿಲ್ಲದವರಿಗೆ ರೇಖಾಗಣಿತ. ಹಾಗಿದ್ದೂ ಚೂಪು ಆಕಾರವೊಂದು ಮೆತ್ತನೆಯ ದುಂಡಗಿನ ಆಕಾರವನ್ನು ಚುಚ್ಚುತ್ತಿದೆ ಎಂಬುದು ಇಬ್ಬರಿಗೂ ಕಾಣುತ್ತದೆ. ಅಷ್ಟು ಭಾಗ ಚಿತ್ರದ್ದು, ಉಳಿದದ್ದು ಕಾಲದ್ದು.

## ಒಂದು ಕಪ್ಪು ಚೌಕದ ಬದುಕು

1915ರ ಡಿಸೆಂಬರ್. ಮೊದಲ ಮಹಾಯುದ್ಧ ನಡೆಯುತ್ತಿದೆ. ರಷ್ಯಾದ ಪೆಟ್ರೋಗ್ರಾಡ್ (ಇಂದಿನ ಸೇಂಟ್ ಪೀಟರ್ಸ್‌ಬರ್ಗ್) ನಗರದಲ್ಲಿ ‘0,10’ ಎಂಬ ಹೆಸರಿನ ಪ್ರದರ್ಶನ ತೆರೆಯಿತು. ಕಜಿಮೀರ್ ಮಾಲೆವಿಚ್ ತಮ್ಮ ಹೊಸ ಚಿತ್ರಗಳನ್ನು ಒಂದು ಕೋಣೆಯ ಗೋಡೆಗಳ ತುಂಬ ಹಚ್ಚಿ, ಒಂದನ್ನು ಮಾತ್ರ ಎರಡು ಗೋಡೆ ಕೂಡುವ ಮೂಲೆಯಲ್ಲಿ, ಸೂರಿಗೆ ಹತ್ತಿರ ಅಡ್ಡಲಾಗಿ ಇಟ್ಟರು. ಬಿಳಿ ಅಂಚಿನ ನಡುವೆ ಕಪ್ಪು ಚೌಕ. ಕ್ಯಾನ್ವಾಸಿನ ಅಳತೆ 79.5 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ.

ಇಲ್ಲಿ ಕೆಲಸ ಮಾಡಿದ್ದು ಆ ಮೂಲೆ. ರಷ್ಯಾದ ಆರ್ಥೊಡಾಕ್ಸ್ ಕ್ರೈಸ್ತರ ಮನೆಗಳಲ್ಲಿ ಪೂಜ್ಯ ಐಕಾನ್ ಚಿತ್ರಗಳನ್ನು ಇಡುವುದು ಅಂಥದೇ ಮೂಲೆಯಲ್ಲಿ. ಒಳಗೆ ಕಾಲಿಟ್ಟ ಪ್ರತಿಯೊಬ್ಬರಿಗೂ ಅದು ತಕ್ಷಣ ತಿಳಿಯಿತು. ವಿಮರ್ಶಕ ಅಲೆಕ್ಸಾಂಡರ್ ಬೆನುವಾ ಅದನ್ನು ತಮಾಷೆಯೆಂದು ತಳ್ಳಿಹಾಕಲಿಲ್ಲ. ಪವಿತ್ರವಾದುದರ ಜಾಗವನ್ನು ಶೂನ್ಯಕ್ಕೆ ಕೊಟ್ಟಿದ್ದಾರೆ ಎಂದು ಗಂಭೀರವಾಗಿಯೇ ಕೆರಳಿದರು. ಇದೇ ಚಿತ್ರ ಎದೆಮಟ್ಟದಲ್ಲಿ, ಬೇರೆ ಚಿತ್ರಗಳ ಸಾಲಿನಲ್ಲಿ ತೂಗಿದ್ದರೆ ಆ ಜಗಳವೇ ಹುಟ್ಟುತ್ತಿರಲಿಲ್ಲ.

ಎರಡು ವರ್ಷದಲ್ಲಿ ಕ್ರಾಂತಿಯಾಯಿತು. ವಿಟೆಬ್ಸ್ಕ್ ಪಟ್ಟಣದ ಕಲಾಶಾಲೆಯಲ್ಲಿ ಮಾಲೆವಿಚ್ ಪಾಠ ಹೇಳತೊಡಗಿದರು. 1920ರಲ್ಲಿ ಅವರ ಸುತ್ತ ಕಟ್ಟಿಕೊಂಡ ‘ಉನೋವಿಸ್’ ಗುಂಪಿನವರು ಪುಟ್ಟ ಕಪ್ಪು ಚೌಕವನ್ನು ತೋಳಿಗೆ ಹೊಲಿದುಕೊಂಡು ಓಡಾಡಿದರು. ಹಬ್ಬದ ದಿನಗಳಿಗೆ ಊರಿನ ಗೋಡೆಗಳ ಮೇಲೆ ಚೌಕ, ವೃತ್ತಗಳು ಬಂದವು. ಐದು ವರ್ಷದ ಹಿಂದೆ ದೈವನಿಂದೆ ಎನಿಸಿದ್ದು ಈಗ ಹೊಸ ಸಮಾಜದ ಬಿಲ್ಲೆ.

ಆಮೇಲೆ ಗಾಳಿ ತಿರುಗಿತು. 1930ರಲ್ಲಿ ಮಾಲೆವಿಚ್ ಅವರನ್ನು ಬಂಧಿಸಿ ವಿಚಾರಣೆ ಮಾಡಿದರು. 1932ರ ಏಪ್ರಿಲ್‌ನಲ್ಲಿ ಸ್ವತಂತ್ರ ಕಲಾಸಂಘಗಳನ್ನೆಲ್ಲ ವಿಸರ್ಜಿಸುವ ಆದೇಶ ಹೊರಟಿತು. 1934ರ ಹೊತ್ತಿಗೆ ‘ಸಮಾಜವಾದಿ ವಾಸ್ತವವಾದ’ ಅಧಿಕೃತ ಶೈಲಿಯಾಯಿತು. ಕಾರ್ಮಿಕ, ರೈತ, ನಾಯಕರನ್ನು ಸ್ಪಷ್ಟವಾಗಿ, ಆಶಾದಾಯಕವಾಗಿ ಬರೆಯಬೇಕೆಂಬುದು ಅದರ ತಿರುಳು. ಚೌಕ ಈಗ ಜನರಿಗೆ ಅರ್ಥವಾಗದ ಬೂರ್ಜ್ವಾ (ಉಳ್ಳವರ) ಆಟ ಎನಿಸಿಕೊಂಡಿತು. ಮಾಲೆವಿಚ್ ಮನುಷ್ಯರ ಭಾವಚಿತ್ರಗಳಿಗೆ ಮರಳಿದರು, ಆದರೆ ಕೆಲವದರ ಮೂಲೆಯಲ್ಲಿ ಸಹಿಯ ಬದಲು ಒಂದು ಪುಟ್ಟ ಕಪ್ಪು ಚೌಕ ಇಟ್ಟರು. 1935ರಲ್ಲಿ ಅವರು ತೀರಿಕೊಂಡಾಗ ಶವ ಸಾಗಿಸಿದ ಗಾಡಿಯ ಮುಂಭಾಗಕ್ಕೂ ಕಪ್ಪು ಚೌಕ ಕಟ್ಟಲಾಗಿತ್ತು. ನನ್ನ ಮಟ್ಟಿಗೆ, ಆ ಚೌಕದ ಎಲ್ಲ ರೂಪಗಳಲ್ಲಿ ಇದೇ ಅತ್ಯಂತ ಮನ ಕಲಕುವಂಥದು: ಬಾಯಿ ಬಿಟ್ಟು ಹೇಳಲಾಗದ್ದನ್ನು ಹೇಳುವ ಗುರುತು. ಮೂಲ ಚಿತ್ರ ದಶಕಗಳ ಕಾಲ ಮಾಸ್ಕೋದ ತ್ರೆತ್ಯಾಕೋವ್ ಗ್ಯಾಲರಿಯ ಉಗ್ರಾಣದಲ್ಲಿ ಉಳಿಯಿತು.

## ಚೀಟಿ ಬದಲಿಸಿ ಅರ್ಥ ಬದಲಿಸಿದ ಪ್ರದರ್ಶನ

ಸಂದರ್ಭ ತಾನಾಗಿಯೇ ಒದಗುತ್ತದೆ ಎಂದೇನಿಲ್ಲ. ಅದನ್ನು ಬೇಕೆಂದೇ ತಯಾರಿಸಲೂ ಬಹುದು. 1937ರ ಜುಲೈ 19ರಂದು ಮ್ಯೂನಿಕ್‌ನಲ್ಲಿ ನಾಜಿ ಆಡಳಿತ ‘ಅಧಃಪತನದ ಕಲೆ’ ಎಂಬ ಪ್ರದರ್ಶನ ತೆರೆಯಿತು. ಜರ್ಮನಿಯ ಸರ್ಕಾರಿ ಸಂಗ್ರಹಾಲಯಗಳಿಂದ ಕಿತ್ತು ತಂದ ಸುಮಾರು 650 ಕೃತಿಗಳು. ಎಲ್ಲವೂ ಅಮೂರ್ತವಲ್ಲ, ಆದರೆ ಕಾಂಡಿನ್ಸ್ಕಿ, ಪಾಲ್ ಕ್ಲೀ ಮುಂತಾದವರ ಚಿತ್ರಗಳೂ ಇದ್ದವು. ಹಿಂದೊಮ್ಮೆ ಅಲ್ಲಿ ಗೌರವದಿಂದ ತೂಗಿದ್ದ ಚಿತ್ರಗಳೇ ಅವು.

ಅರ್ಥ ಬದಲಿಸಿದ ಬಗೆ ಹೀಗಿತ್ತು. ಇಕ್ಕಟ್ಟಾದ ಕೋಣೆಗಳಲ್ಲಿ ಒಂದರ ಪಕ್ಕ ಒಂದು ಒತ್ತೊತ್ತಾಗಿ, ಕೆಲವನ್ನು ಸೊಟ್ಟಗೆ ತೂಗುಹಾಕಿದರು. ಗೋಡೆಯ ಮೇಲೇ ಮೂದಲಿಕೆಯ ಘೋಷಣೆ ಬರೆದರು. ಹಲವು ಕೃತಿಗಳ ಪಕ್ಕ ಸಂಗ್ರಹಾಲಯ ಕೊಟ್ಟ ಬೆಲೆಯನ್ನು ನಮೂದಿಸಿ, ಅದು ತೆರಿಗೆದಾರರ ಹಣ ಎಂದು ಸೇರಿಸಿದರು. ಆ ಬೆಲೆಗಳಲ್ಲಿ ಕೆಲವು 1920ರ ದಶಕದ ಮೊದಲ ವರ್ಷಗಳವು. ಹಣದುಬ್ಬರದಿಂದ ಮಾರ್ಕ್ ನಾಣ್ಯ ಕಸಕ್ಕೆ ಸಮವಾಗಿದ್ದ ಹೊತ್ತಿನವು. ಅಂಕಿ ದೊಡ್ಡದಾಗಿ ಕಾಣುತ್ತಿತ್ತು, ಅದರ ಹಿಂದಿನ ಕಾರಣವನ್ನು ಮಾತ್ರ ಬರೆದಿರಲಿಲ್ಲ. ಮ್ಯೂನಿಕ್ ಮತ್ತು ಅದು ಹೋದ ಊರುಗಳು ಸೇರಿ 20 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಕುಂಚದ ಒಂದು ಗೀಟನ್ನೂ ತಿದ್ದದೆ, ಚೀಟಿ, ಗೋಡೆ, ಜಾಗ ಮೂರರಿಂದಲೇ ಕಲೆಯನ್ನು ಅಪರಾಧದ ಪುರಾವೆಯಾಗಿ ಮಾಡಲಾಗಿತ್ತು.

## ಅಲ್ಲಿ ಬೂರ್ಜ್ವಾ, ಇಲ್ಲಿ ಕಮ್ಯುನಿಸ್ಟ್

ಎರಡನೇ ಮಹಾಯುದ್ಧದ ನಂತರದ ಕತೆ ಇನ್ನೂ ಸಿಕ್ಕುಸಿಕ್ಕಾದದ್ದು, ನಿಧಾನವಾಗಿ ಬಿಡಿಸಬೇಕು.

1946ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ 79 ಆಧುನಿಕ ತೈಲಚಿತ್ರಗಳನ್ನು ಕೊಂಡು ಹೊರದೇಶಗಳಿಗೆ ಕಳಿಸಿತು. ‘ನಮ್ಮಲ್ಲಿ ಕಲಾವಿದರು ಸ್ವತಂತ್ರರು’ ಎಂದು ತೋರಿಸುವ ಉದ್ದೇಶ. ಮರುವರ್ಷವೇ ಅಮೆರಿಕದ ಪತ್ರಿಕೆಗಳು, ಸಂಸದರು, ಅಧ್ಯಕ್ಷ ಟ್ರೂಮನ್ ಸೇರಿದಂತೆ ಹಲವರು ಮುಗಿಬಿದ್ದರು: ಜನರ ದುಡ್ಡಿನಲ್ಲಿ ಇದೇನು? ಇದರಲ್ಲಿ ಎಡಪಂಥೀಯರ ಚಿತ್ರಗಳೇಕೆ? ಪ್ರವಾಸ ಅರ್ಧಕ್ಕೆ ನಿಂತಿತು. 1948ರಲ್ಲಿ ಆ ಚಿತ್ರಗಳನ್ನು ಯುದ್ಧದಲ್ಲಿ ಮಿಕ್ಕ ಸಾಮಾನಿನ ಲೆಕ್ಕದಲ್ಲಿ, ಕೊಂಡ ಬೆಲೆಯ ಸಣ್ಣದೊಂದು ಪಾಲಿಗೆ ಮಾರಿಬಿಟ್ಟರು. 1949ರಲ್ಲಿ ಜಾರ್ಜ್ ಡೊಂಡೆರೊ ಎಂಬ ಸಂಸದ, ಆಧುನಿಕ ಕಲೆಯ ಎಲ್ಲ ಪಂಥಗಳೂ ಕಮ್ಯುನಿಸ್ಟರ ಅಸ್ತ್ರಗಳೆಂದು ಸದನದಲ್ಲೇ ಭಾಷಣ ಮಾಡಿದರು. ಅದೇ ಹೊತ್ತಿಗೆ ಸೋವಿಯತ್ ಒಕ್ಕೂಟದಲ್ಲಿ ಅಂಥ ಚಿತ್ರ ಬರೆದವರಿಗೆ ‘ಬಂಡವಾಳಶಾಹಿಯ ಕೊಳೆತ’ ಎಂಬ ಹಣೆಪಟ್ಟಿ ಸಿಗುತ್ತಿತ್ತು.

ಹತ್ತು ವರ್ಷದೊಳಗೆ ಅಮೆರಿಕದ ಲೆಕ್ಕಾಚಾರ ಬದಲಾಯಿತು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 1958–59ರಲ್ಲಿ ‘ಹೊಸ ಅಮೆರಿಕನ್ ಚಿತ್ರಕಲೆ’ ಪ್ರದರ್ಶನವನ್ನು ಯುರೋಪಿನ ಎಂಟು ನಗರಗಳಿಗೆ ಒಯ್ದಿತು. ಜಾಕ್ಸನ್ ಪೊಲಾಕ್, ಮಾರ್ಕ್ ರಾತ್ಕೊ ಮೊದಲಾದ ‘ಅಮೂರ್ತ ಅಭಿವ್ಯಕ್ತಿವಾದಿ’ಗಳ ದೊಡ್ಡ ಕ್ಯಾನ್ವಾಸುಗಳು. ಯಾರ ಅಪ್ಪಣೆಗೂ ಕಾಯದ ಕೈ ಬಣ್ಣ ಚೆಲ್ಲುತ್ತಿದೆ, ಆದ್ದರಿಂದ ಇದು ಸ್ವತಂತ್ರ ಸಮಾಜದ ಕಲೆ ಎಂಬ ಓದು ಹಬ್ಬಿತು. 1959ರಲ್ಲಿ ಮಾಸ್ಕೋದ ಅಮೆರಿಕನ್ ವಸ್ತುಪ್ರದರ್ಶನದಲ್ಲೂ ಪೊಲಾಕ್ ಅವರ ‘ಕೆಥೆಡ್ರಲ್’ ಚಿತ್ರ ತೂಗಿತು.

ಹಣದ ಪ್ರಶ್ನೆ ಮುಂದೆ ಎದ್ದಿತು. ‘ಸಾಂಸ್ಕೃತಿಕ ಸ್ವಾತಂತ್ರ್ಯಕ್ಕಾಗಿ ಕಾಂಗ್ರೆಸ್’ ಎಂಬ ಅಂತರರಾಷ್ಟ್ರೀಯ ಸಂಸ್ಥೆಗೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಗುಟ್ಟಾಗಿ ಹಣ ಕೊಡುತ್ತಿತ್ತು ಎಂಬುದು 1966–67ರಲ್ಲಿ ಬಯಲಾಯಿತು. 1970ರ ದಶಕದಿಂದ ಇತಿಹಾಸಕಾರರು ಅಮೂರ್ತ ಅಭಿವ್ಯಕ್ತಿವಾದವನ್ನು ಶೀತಲ ಸಮರದ ಅಸ್ತ್ರವಾಗಿ ಓದತೊಡಗಿದರು. ಇಲ್ಲಿ ಹದ ತಪ್ಪಬಾರದು. ಆ ಸಂಸ್ಥೆಗೆ ಹಣ ಬಂದದ್ದು ಸಾಬೀತಾದ ಸಂಗತಿ. ನಿರ್ದಿಷ್ಟ ಚಿತ್ರಪ್ರದರ್ಶನಗಳ ಹಿಂದೆ ಗುಪ್ತಚರರ ಕೈ ಎಷ್ಟಿತ್ತು ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಕಲಾವಿದರು ಸಿಐಎ ಹೇಳಿದಂತೆ ಬರೆದರು ಎಂಬ ಮಾತಿಗಂತೂ ಆಧಾರವಿಲ್ಲ.

ಇನ್ನೊಂದು ವಿವರ ಚಿತ್ರವನ್ನು ಮತ್ತಷ್ಟು ಸ್ಪಷ್ಟಗೊಳಿಸುತ್ತದೆ. ಪೊಲಾಕ್ 1936ರಲ್ಲಿ ಮೆಕ್ಸಿಕೋದ ಕಮ್ಯುನಿಸ್ಟ್ ಕಲಾವಿದ ಸಿಕೇರೋಸ್ ನ್ಯೂಯಾರ್ಕಿನಲ್ಲಿ ನಡೆಸಿದ ಪ್ರಯೋಗಶಾಲೆಯಲ್ಲಿ ದುಡಿದಿದ್ದರು. ಕಾರಿಗೆ ಹಚ್ಚುವ ಬಣ್ಣವನ್ನು ಸುರಿಯುವ, ಸಿಂಪಡಿಸುವ ಪ್ರಯೋಗಗಳು ಅಲ್ಲಿ ನಡೆಯುತ್ತಿದ್ದವು. ಮೇ ದಿನದ ಮೆರವಣಿಗೆಯ ರಥಗಳೂ ಅಲ್ಲೇ ತಯಾರಾದವು. ಅಲ್ಲಿ ಕಂಡ ಬಣ್ಣ ಸುರಿಯುವ ಬಗೆ ಇಪ್ಪತ್ತು ವರ್ಷದ ಮೇಲೆ ಕಮ್ಯುನಿಸಂ-ವಿರೋಧದ ಲಾಂಛನವಾಯಿತು. ತಂತ್ರಕ್ಕೆ ಪಕ್ಷವಿಲ್ಲ. ಪಕ್ಷ ಬರುವುದು ಅದನ್ನು ಎತ್ತಿ ಹಿಡಿಯುವವರಿಂದ.

ಸೋವಿಯತ್ ಕಡೆ, 1962ರ ಡಿಸೆಂಬರ್ 1ರಂದು ಮಾಸ್ಕೋದ ಮಾನೆಜ್ ಸಭಾಂಗಣದಲ್ಲಿ ದೇಶದ ನಾಯಕ ಕ್ರುಶ್ಚೇವ್ ಹೊಸ ಕಲಾವಿದರ ಚಿತ್ರಗಳ ಮುಂದೆ ನಿಂತು ಬಾಯಿಗೆ ಬಂದಂತೆ ಬೈದರು. 1974ರ ಸೆಪ್ಟೆಂಬರ್ 15ರಂದು ಊರಾಚೆಯ ಬಯಲಲ್ಲಿ ಅನುಮತಿಯಿಲ್ಲದೆ ಚಿತ್ರ ಇಟ್ಟ ಕಲಾವಿದರ ಮೇಲೆ ಬುಲ್ಡೋಜರ್ ಬಿಟ್ಟರು. ಅಂಥಲ್ಲಿ ಬಣ್ಣದ ಪಟ್ಟೆ ಎಳೆಯುವುದೇ ಧೈರ್ಯದ ಕೆಲಸ. ಅದೇ ಪಟ್ಟೆಗಳು ಅದೇ ವರ್ಷ ನ್ಯೂಯಾರ್ಕಿನ ಬ್ಯಾಂಕಿನ ಪಡಸಾಲೆಯಲ್ಲಿ ತೂಗಿದ್ದರೆ ಒಳಾಂಗಣದ ಅಲಂಕಾರ.

## ಶೀರ್ಷಿಕೆ ಎಷ್ಟು ಹೊರುತ್ತದೆ

ಅಮೂರ್ತ ಕೃತಿಯಲ್ಲಿ ಶೀರ್ಷಿಕೆ ಬಾಗಿಲಿನ ಕೀಲಿ ಇದ್ದಂತೆ. ಅಮೆರಿಕದ ಕಲಾವಿದ ರಾಬರ್ಟ್ ಮದರ್‌ವೆಲ್ 1948ರಿಂದ ಸಾಯುವವರೆಗೆ ನೂರಕ್ಕೂ ಹೆಚ್ಚು ಬಾರಿ ಬರೆದದ್ದು ಹೆಚ್ಚುಕಡಿಮೆ ಒಂದೇ ವಿನ್ಯಾಸ: ಬಿಳಿಯ ಮೇಲೆ ಕಪ್ಪು ಕಂಬಗಳು, ಅವುಗಳ ನಡುವೆ ಸಿಕ್ಕಿಕೊಂಡ ಕಪ್ಪು ಅಂಡಾಕಾರಗಳು. ಹೆಸರು ‘ಸ್ಪೇನ್ ಗಣರಾಜ್ಯಕ್ಕೆ ಶೋಕಗೀತೆ’. 1939ರಲ್ಲಿ ಅಂತರ್ಯುದ್ಧದಲ್ಲಿ ಸೋತ ಗಣರಾಜ್ಯಕ್ಕೆ ನೂರು ಸಲ ಅತ್ತ ಹಾಗೆ. ಹೆಸರು ತಿಳಿದ ಮೇಲೆ ಆ ಕಪ್ಪಿಗೆ ಬೇರೆಯೇ ತೂಕ.

ಸ್ಯಾಮ್ ಗಿಲಿಯಂ 1969ರಲ್ಲಿ ಕ್ಯಾನ್ವಾಸಿಗೆ ತೆಳು ಬಣ್ಣ ಹೀರಿಸಿ ನೇರಳೆ, ಕೆಂಪು ಕಲೆಗಳ ದೊಡ್ಡ ಚಿತ್ರ ಮಾಡಿದರು. ‘ಏಪ್ರಿಲ್ 4’ ಎಂದು ಹೆಸರಿಟ್ಟರು. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದದ್ದು ಹಿಂದಿನ ವರ್ಷದ ಅದೇ ದಿನ. ಜರೀನಾ ಅವರ 2001ರ ಮರದಚ್ಚಿನ ಚಿತ್ರ ‘ವಿಭಜನ ರೇಖೆ’ಯಲ್ಲಿ ಇರುವುದು ಕಾಗದದ ಮೇಲೆ ಅಂಕುಡೊಂಕಾಗಿ ಇಳಿಯುವ ಒಂದು ಕಪ್ಪು ಗೆರೆ. ಗೋಡೆಯ ಬಿರುಕು ಎನ್ನಿ, ಒಣಗಿದ ಹೊಳೆ ಎನ್ನಿ, ತಪ್ಪಿಲ್ಲ. ಅದು 1947ರಲ್ಲಿ ಭಾರತ-ಪಾಕಿಸ್ತಾನದ ನಡುವೆ ಎಳೆದ ಗಡಿ ಎಂದು, ಅಲಿಗಢದಲ್ಲಿ ಹುಟ್ಟಿದ ಕಲಾವಿದೆಯ ಕುಟುಂಬ ಮುಂದೆ ಕರಾಚಿಗೆ ಹೋಯಿತೆಂದು ಗೊತ್ತಾದಾಗ ಬಿರುಕು ಎಂಬ ಮೊದಲ ಅನಿಸಿಕೆ ಸುಳ್ಳಾಗುವುದಿಲ್ಲ, ಆಳವಾಗುತ್ತದೆ.

ಗೆರ್ಹಾರ್ಡ್ ರಿಕ್ಟರ್ ಅವರ ‘ಬಿರ್ಕೆನಾವ್’ (2014) ಇನ್ನೂ ಕಠಿಣ ಉದಾಹರಣೆ. ನಾಲ್ಕು ಕ್ಯಾನ್ವಾಸು, ಪ್ರತಿಯೊಂದೂ 260 ಸೆಂ.ಮೀ. ಎತ್ತರ, 200 ಸೆಂ.ಮೀ. ಅಗಲ. ಬಿರ್ಕೆನಾವ್ ನಾಜಿಗಳ ಹತ್ಯಾಶಿಬಿರ. 1944ರಲ್ಲಿ ಅಲ್ಲಿನ ಕೈದಿಗಳು ಜೀವ ಪಣಕ್ಕಿಟ್ಟು ಕದ್ದು ತೆಗೆದ ನಾಲ್ಕು ಫೋಟೊಗಳನ್ನು ಅವರು ಮೊದಲು ಕ್ಯಾನ್ವಾಸಿಗೆ ಇಳಿಸಿದರು. ಆಮೇಲೆ ಅದರ ಮೇಲೆ ಬಣ್ಣ ಬಳಿದು, ಅಗಲ ಪಟ್ಟಿಯಿಂದ ಎಳೆದು ಕೆರೆದು, ಮತ್ತೆ ಬಳಿದು, ಫೋಟೊದ ಗುರುತೇ ಇಲ್ಲದಂತೆ ಮುಚ್ಚಿದರು. ಕಾಣುವುದು ಕಪ್ಪು, ಬೂದು, ಹಸಿರು, ಕೆಂಪಿನ ಪದರ. ಅಡಿಯಲ್ಲಿ ಏನಿದೆ ಎಂಬ ತಿಳಿವಳಿಕೆಯೂ ಇಲ್ಲಿ ಕೃತಿಯ ಒಂದು ಭಾಗವೇ.

ಎಚ್ಚರವೂ ಬೇಕು. ಶೀರ್ಷಿಕೆ ಯಾವಾಗಲೂ ಕಲಾವಿದರದೇ ಆಗಿರುವುದಿಲ್ಲ. ಪೊಲಾಕ್ ಅವರ 1947ರ ಹಲವು ಚಿತ್ರಗಳಿಗೆ ಹೆಸರು ಸೂಚಿಸಿದ್ದು ನೆರೆಮನೆಯ ದಂಪತಿ. ಮರುವರ್ಷದಿಂದ ಪೊಲಾಕ್ ಬರೀ ಸಂಖ್ಯೆ ಕೊಡತೊಡಗಿದರು.

## ಯಾರು ಬರೆದರು, ಯಾರು ಲೆಕ್ಕಕ್ಕೆ ತೆಗೆದುಕೊಂಡರು

ಕಲಾವಿದರ ಸಾಮಾಜಿಕ ಸ್ಥಾನ ನೋಡುಗರ ನಿರೀಕ್ಷೆಯನ್ನು ಮೊದಲೇ ಕಟ್ಟಿಬಿಡುತ್ತದೆ. ನ್ಯೂಯಾರ್ಕಿನ ಹಾರ್ಲೆಮ್‌ನ ಕಪ್ಪು ಕಲಾವಿದ ನಾರ್ಮನ್ ಲೂಯಿಸ್ 1930ರ ದಶಕದಲ್ಲಿ ಬಡತನದ ಚಿತ್ರಗಳನ್ನು ಬರೆದು, 40ರ ದಶಕದಲ್ಲಿ ಅಮೂರ್ತಕ್ಕೆ ಹೊರಳಿದರು. ಬಿಳಿಯ ಗೆಳೆಯರ ಅಮೂರ್ತ ಚಿತ್ರ ‘ಮನುಕುಲದ್ದು’ ಎನಿಸಿದರೆ, ಇವರಿಗೆ ಎರಡು ಕಡೆಯಿಂದ ಪ್ರಶ್ನೆ: ಮಾರುಕಟ್ಟೆ ಗಮನಿಸಲಿಲ್ಲ, ಹೋರಾಟದ ಕಾಲದಲ್ಲಿ ಜನರ ಮುಖ ಬರೆಯದೆ ಇದೇನು ಎಂದು ತಮ್ಮವರೂ ಕೇಳಿದರು. 1965ರ ‘ಮೆರವಣಿಗೆ’ ಎಂಬ ಚಿತ್ರದಲ್ಲಿ ಕಪ್ಪಿನ ನಡುವೆ ಬಿಳಿ ಗೀಟುಗಳು ಎಡದಿಂದ ಬಲಕ್ಕೆ ಅಗಲವಾಗುತ್ತಾ ಸಾಗುತ್ತವೆ. ಕಪ್ಪು ಜನರ ಮತದಾನದ ಹಕ್ಕಿಗಾಗಿ ಅಮೆರಿಕದ ಸೆಲ್ಮಾ ನಗರದಿಂದ ಜಾಥಾ ಹೊರಟ ವರ್ಷವೇ ಅದು.

ಸ್ವೀಡನ್ನಿನ ಹಿಲ್ಮಾ ಆಫ್ ಕ್ಲಿಂಟ್ 1906ರಿಂದ 1915ರ ನಡುವೆ 193 ಚಿತ್ರಗಳ ಸರಣಿ ಮಾಡಿದರು; ಕೆಲವು ಮೂರು ಮೀಟರಿಗಿಂತ ಎತ್ತರ. ತಾವು ಸತ್ತು ಇಪ್ಪತ್ತು ವರ್ಷವಾಗುವವರೆಗೆ ತೋರಿಸಬೇಡಿ ಎಂದರು. 1944ರಲ್ಲಿ ಅವರು ತೀರಿಕೊಂಡರು, ಚಿತ್ರಗಳು ದೊಡ್ಡ ಪ್ರದರ್ಶನವೊಂದಕ್ಕೆ ಬಂದದ್ದು 1986ರಲ್ಲಿ. ಅಷ್ಟರಲ್ಲಿ ‘ಅಮೂರ್ತ ಕಲೆಯ ಜನಕರು’ ಎಂದು ಪುರುಷರ ಪಟ್ಟಿಯೊಂದು ಪಾಠವಾಗಿ ಬೇರೂರಿತ್ತು. 2018–19ರಲ್ಲಿ ನ್ಯೂಯಾರ್ಕಿನ ಗುಗನ್‌ಹೈಮ್ ಸಂಗ್ರಹಾಲಯದಲ್ಲಿ 6 ಲಕ್ಷಕ್ಕೂ ಹೆಚ್ಚು ಜನ ನೋಡಿದ ಮೇಲೆ ಆ ಪಾಠವನ್ನು ತಿದ್ದದೆ ಗತ್ಯಂತರವಿರಲಿಲ್ಲ.

## ಮೌನ ಒಪ್ಪಿಗೆಯೋ, ಪ್ರತಿಭಟನೆಯೋ

ದಕ್ಷಿಣ ಕೊರಿಯಾದಲ್ಲಿ 1970ರ ದಶಕದಲ್ಲಿ ‘ಡಾನ್‌ಸೆಖ್ವಾ’, ಅಂದರೆ ಏಕವರ್ಣ ಚಿತ್ರಕಲೆ, ಬೆಳೆಯಿತು. ಪಾರ್ಕ್ ಸಿಯೋ-ಬೋ ಹಸಿ ಬಿಳಿ ಬಣ್ಣದ ಮೇಲೆ ಪೆನ್ಸಿಲಿನಿಂದ ಸಾವಿರಾರು ಗೆರೆ ಎಳೆದರು. ಹಾ ಚೊಂಗ್-ಹ್ಯುನ್ ಒರಟು ಸೆಣಬಿನ ಬಟ್ಟೆಯ ಹಿಂಬದಿಗೆ ಬಣ್ಣ ಹಚ್ಚಿ, ಎಳೆಗಳ ಸಂದಿನಿಂದ ಅದು ಮುಂದಕ್ಕೆ ಉಕ್ಕುವಂತೆ ಒತ್ತಿದರು. 1972ರಲ್ಲಿ ಅಧ್ಯಕ್ಷ ಪಾರ್ಕ್ ಚುಂಗ್-ಹೀ ಹೊಸ ಸಂವಿಧಾನ ತಂದು ಅಧಿಕಾರ ಬಿಗಿಗೊಳಿಸಿದ ಕಾಲವದು.

1980ರ ಮೇ ತಿಂಗಳಲ್ಲಿ ಗ್ವಾಂಗ್ಜು ನಗರದಲ್ಲಿ ಸೇನೆ ಜನರನ್ನು ಕೊಂದ ಮೇಲೆ, ಜನಪರ ‘ಮಿಂಜುಂಗ್’ ಕಲಾವಿದರು ಏಕವರ್ಣದವರನ್ನು ಪ್ರಶ್ನಿಸಿದರು: ಸರ್ವಾಧಿಕಾರದ ಮುಂದೆ ಬಿಳಿ ಬಣ್ಣ ಬಳಿಯುತ್ತ ಕೂತವರು ನೀವಲ್ಲವೇ? ಈ ಶತಮಾನದ ಎರಡನೇ ದಶಕದಲ್ಲಿ ಅದೇ ಚಿತ್ರಗಳು ಜಾಗತಿಕ ಮಾರುಕಟ್ಟೆಗೆ ಬಂದಾಗ ‘ಸದ್ದಿಲ್ಲದ ಪ್ರತಿರೋಧ’ ಎಂಬ ವಿವರಣೆ ಜೊತೆಗೂಡಿತು. ಬಟ್ಟೆಯ ಹಿಂದಿನಿಂದ ಬಣ್ಣ ಒತ್ತಿ ಬರುವುದನ್ನು ಕಂಡರೆ ಆ ಓದು ಸುಳ್ಳೆನಿಸದು. ಆದರೆ ಮೊದಲ ಆರೋಪವೂ ಸುಳ್ಳೆನಿಸದು. ಇಂಥಲ್ಲಿ ಒಂದನ್ನು ಆರಿಸಿಕೊಂಡು ಇನ್ನೊಂದನ್ನು ಅಳಿಸುವುದಕ್ಕಿಂತ, ಯಾವ ಓದು ಯಾವ ವರ್ಷದ್ದು, ಅದರಿಂದ ಯಾರಿಗೆ ಅನುಕೂಲ ಎಂದು ಗುರುತಿಸಿಡುವುದು ಪ್ರಾಮಾಣಿಕ.

## ಆಕಾರವೇ ಜಗಳವಾದಾಗ

1981ರಲ್ಲಿ ವಾಷಿಂಗ್ಟನ್‌ನ ವಿಯೆಟ್ನಾಂ ಯುದ್ಧ ಸ್ಮಾರಕದ ಸ್ಪರ್ಧೆಗೆ 1,421 ವಿನ್ಯಾಸಗಳು ಬಂದವು. ಹೆಸರಿಲ್ಲದೆ, ಸಂಖ್ಯೆಯ ಮೇಲೆ ತೀರ್ಪು. ಗೆದ್ದವರು 21 ವರ್ಷದ ವಿದ್ಯಾರ್ಥಿನಿ ಮಾಯಾ ಲಿನ್. ನೆಲದೊಳಗೆ ಇಳಿಯುವ ಎರಡು ಕಪ್ಪು ಗ್ರಾನೈಟ್ ಗೋಡೆಗಳು; ತಲಾ ಸುಮಾರು 75 ಮೀಟರ್ ಉದ್ದ; ಸತ್ತವರ ಹೆಸರುಗಳು ಅಕಾರಾದಿಯಲ್ಲಿ ಅಲ್ಲ, ಬಲಿಯಾದ ದಿನಗಳ ಕ್ರಮದಲ್ಲಿ. ಸೈನಿಕನಿಲ್ಲ, ಬಾವುಟವಿಲ್ಲ.

ಬಿಳಿ ಅಮೃತಶಿಲೆಯ ಸ್ಮಾರಕಗಳ ನಡುವೆ ಕಪ್ಪು, ಎತ್ತರಕ್ಕೇರುವವುಗಳ ನಡುವೆ ಕೆಳಗಿಳಿಯುವುದು. ಕೆಲವು ಮಾಜಿ ಸೈನಿಕರಿಗೆ ಅದು ನಾಚಿಕೆಯ ಗಾಯವಾಗಿ ಕಂಡಿತು. ವಿನ್ಯಾಸಕಿ ಚೀನೀ ಮೂಲದ ತಂದೆತಾಯಿಯ ಮಗಳು ಎಂದು ಗೊತ್ತಾದಾಗ ಜಗಳಕ್ಕೆ ಜನಾಂಗದ ಬಣ್ಣವೂ ಬಂತು. ಸಂಖ್ಯೆಯಾಗಿದ್ದಾಗ ಇರದಿದ್ದ ಅರ್ಥ ಅದು. ರಾಜಿಯಾಗಿ 1984ರಲ್ಲಿ ಹತ್ತಿರದಲ್ಲೇ ಮೂವರು ಸೈನಿಕರ ಕಂಚಿನ ಪ್ರತಿಮೆ ನಿಲ್ಲಿಸಿದರು. ಇವತ್ತು ಜನ ಆ ನುಣುಪಾದ ಕಪ್ಪಿನಲ್ಲಿ ತಮ್ಮ ಮುಖ ನೋಡುತ್ತಾ, ಹೆಸರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳುತ್ತಾರೆ.

## ಎದುರಿಗೆ ನಿಂತಾಗ ಮಾಡಬೇಕಾದದ್ದು

ಮೊದಲು ಚೀಟಿ ಓದಬೇಡಿ. ಎರಡು ಮೂರು ನಿಮಿಷ ಬರೀ ನೋಡಿ. ನಿಮಗಿಂತ ದೊಡ್ಡದೋ ಚಿಕ್ಕದೋ? ಅಂಚು ಹರಿತವೋ ಕರಗಿದೆಯೋ? ಬಣ್ಣ ಬಳಿದದ್ದೋ, ಸುರಿದದ್ದೋ, ಹೀರಿಸಿದ್ದೋ, ಕೆರೆದದ್ದೋ? ಹತ್ತಿರ ಹೋಗಿ, ದೂರ ಸರಿದು, ಬದಿಯಿಂದಲೂ ನೋಡಿ.

ಆಮೇಲೆ ಚೀಟಿ. ಹೆಸರು, ಇಸವಿ ನೋಡಿ ಬಿಡಬೇಡಿ. ಕೊನೆಯ ಸಾಲಿನಲ್ಲಿ ‘ಇಂಥವರ ಕೊಡುಗೆ’ ಅಥವಾ ‘ಇಂಥ ನಿಧಿಯಿಂದ ಖರೀದಿ’ ಎಂದಿರುತ್ತದೆ, ಅದು ಹಣದ ಜಾಡು. ಹಲವು ಸಂಗ್ರಹಾಲಯಗಳ ದಾಖಲೆ ಸಂಖ್ಯೆಯಲ್ಲಿ, ಮೊದಲಿಗೋ ಕೊನೆಗೋ, ಕೃತಿ ಅಲ್ಲಿಗೆ ಸೇರಿದ ಇಸವಿ ಅಡಗಿರುತ್ತದೆ. ಬರೆದ ವರ್ಷಕ್ಕೂ ಸೇರಿದ ವರ್ಷಕ್ಕೂ ಐವತ್ತು ವರ್ಷದ ಅಂತರವಿದ್ದರೆ, ಅಲ್ಲಿಯವರೆಗೆ ಅದನ್ನು ಯಾರು ಬೇಡವೆಂದರು ಎಂದು ಕೇಳಿ. ಬರೆದ ವರ್ಷದ ಹಿಂದುಮುಂದಿನ ಒಂದೆರಡು ವರ್ಷ ಆ ಊರಿನಲ್ಲಿ ಏನಾಗುತ್ತಿತ್ತು, ಯಾವ ಬಗೆಯ ಚಿತ್ರಕ್ಕೆ ಅವಕಾಶ, ಯಾವುದಕ್ಕೆ ಶಿಕ್ಷೆ ಎಂದು ಹುಡುಕಿ. ಮೊದಲು ತೋರಿಸಿದ್ದು ಎಲ್ಲಿ, ಗೋಡೆಯ ಯಾವ ಜಾಗದಲ್ಲಿ ಎಂಬುದು ಸಿಕ್ಕರೆ ಇನ್ನೂ ಒಳ್ಳೆಯದು.

ಕೊನೆಯ ಹೆಜ್ಜೆಯನ್ನು ಹೆಚ್ಚಿನವರು ಮರೆಯುತ್ತಾರೆ: ಮತ್ತೆ ಚಿತ್ರಕ್ಕೆ ಮರಳುವುದು. ಓದಿದ ಸಂದರ್ಭ ಚಿತ್ರದಲ್ಲಿ ಕಣ್ಣಿಗೆ ಕಾಣುವ ಏನನ್ನಾದರೂ ವಿವರಿಸುತ್ತದೆಯೇ? ಒಂದು ಸರಳ ಪರೀಕ್ಷೆ ಇದೆ. ನೀವು ಕಟ್ಟಿದ ವಿವರಣೆಯನ್ನು ಪಕ್ಕದ ಚಿತ್ರಕ್ಕೆ ಒಂದು ಪದವೂ ಬದಲಿಸದೆ ಅಂಟಿಸಲು ಸಾಧ್ಯವಾದರೆ, ನೀವು ಆ ಕಾಲದ ಬಗ್ಗೆ ಹೇಳಿದ್ದೀರಿ, ಈ ಚಿತ್ರದ ಬಗ್ಗೆ ಅಲ್ಲ.

## ಎಲ್ಲಿ ಎಡವುತ್ತೇವೆ

ಒಂದು ಎಡವು, ಬಣ್ಣಗಳಿಗೆ ನಿಘಂಟು ಮಾಡಿಕೊಳ್ಳುವುದು. ಕೆಂಪೆಂದರೆ ಕ್ರಾಂತಿ, ಕಪ್ಪೆಂದರೆ ಶೋಕ ಎಂದು ನಿಗದಿ ಮಾಡಿದರೆ ಲಿಸಿಟ್ಸ್ಕಿಯ ಕೆಂಪಿಗೂ ಗಿಲಿಯಂ ಅವರ ಕೆಂಪಿಗೂ ವ್ಯತ್ಯಾಸವೇ ಉಳಿಯದು. ಇನ್ನೊಂದು, ನಮ್ಮ ಕಾಲದ ತಿಳಿವಳಿಕೆಯನ್ನು ಹಿಂದಿನವರ ತಲೆಗೆ ಕಟ್ಟುವುದು. ಕ್ರೂಸ್-ಡಿಯೆಸ್ ವಲಸೆಯ ನೋವನ್ನು ಮೊದಲೇ ಕಂಡು ಪಟ್ಟೆ ಎಳೆದರು ಎಂದರೆ ಅದು ಸುಳ್ಳು, ಅರ್ಥ ಆಮೇಲೆ ಸೇರಿದ್ದು. ಕಲಾವಿದರ ಹೇಳಿಕೆಯನ್ನೇ ಕೊನೆಯ ತೀರ್ಪಾಗಿ ತೆಗೆದುಕೊಳ್ಳುವುದೂ ಎಡವೇ: ಮಾಲೆವಿಚ್ ಕಪ್ಪು ಚೌಕಕ್ಕೆ 1913 ಎಂಬ ಇಸವಿ ಹಾಕಿದ್ದರು, ಬರೆದದ್ದು 1915ರಲ್ಲಿ.

ಸಂದರ್ಭವನ್ನು ಒಮ್ಮೆ ಓದಿ ಮುಗಿಸಿದೆವು ಎಂದುಕೊಳ್ಳುವುದು ಮತ್ತೊಂದು. 2015ರಲ್ಲಿ ತ್ರೆತ್ಯಾಕೋವ್ ಗ್ಯಾಲರಿಯ ಸಂಶೋಧಕರು ಕಪ್ಪು ಚೌಕವನ್ನು ಎಕ್ಸ್-ರೇ ಹಾಕಿ ನೋಡಿದರು. ಕಪ್ಪಿನಡಿ ಇನ್ನೆರಡು ಬಣ್ಣದ ಚಿತ್ರಗಳಿದ್ದವು. ಮೇಲ್ಪದರದ ಬಿರುಕುಗಳಲ್ಲಿ ಇಣುಕುವ ಬಣ್ಣ ಅವುಗಳದೇ. ಬಿಳಿ ಅಂಚಿನಲ್ಲಿ ಪೆನ್ಸಿಲಿನ ಬರಹವೂ ಸಿಕ್ಕಿತು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಹಾಸ್ಯಬರಹಗಾರನೊಬ್ಬ ಪೂರ್ತಿ ಕಪ್ಪು ಆಯತಕ್ಕೆ ಕೊಟ್ಟಿದ್ದ, ಕಪ್ಪು ಜನರನ್ನು ಹೀಯಾಳಿಸುವ ಶೀರ್ಷಿಕೆಯನ್ನು ಅದು ನೆನಪಿಸುತ್ತದೆ ಎಂದು ಅವರು ಓದಿದರು. ಅದು ಮಾಲೆವಿಚ್ ಅವರದೇ ಕೈಬರಹವಾಗಿದ್ದರೆ, ಶುದ್ಧ ಶೂನ್ಯವೆಂದು ನೂರು ವರ್ಷ ಓದಿದ ಚೌಕ ಆ ಕೊಳಕು ತಮಾಷೆಯ ಜೊತೆಗೂ ಮಾತಿಗಿಳಿದಿತ್ತು ಎಂದಾಗುತ್ತದೆ. ನೋಡಲು ಬಂದ ಯಾರೋ ಗೀಚಿದ್ದಾದರೆ, ಅದು ಚೌಕದ ಅರ್ಥಕ್ಕಲ್ಲ, ಅದನ್ನು ಕಂಡು ಕೆರಳಿದವರ ಇತಿಹಾಸಕ್ಕೆ ಸೇರಿದ್ದು. ಕೈ ಯಾರದು ಎಂಬ ವಾದ ತಜ್ಞರ ನಡುವೆ ಇನ್ನೂ ನಡೆಯುತ್ತಿದೆ.